ಮುಳಗುಂದದಾಗ ಏಳು ಮಿನಿಟು

ಗದಗ ಡಿಪೋದಾಗ ಐದೂವರಿಗೆ
ಚುಕ್ಕಿ ಇನ್ನೂ ಆರಿರೂದಿಲ್ಲ.
ಮಷೀನಿಗೆ ಹೊಸಾ ರೋಲು ಹಾಕಿ
ಚೀಲದಾಗಿನ ಚಿಲ್ಲರ ಎಣಿಸಿ
ಆರೂ ಕಾಲಿಗೆ ಎರಡು ಸೀಟಿ ಹೊಡದ್ರ
ಲಕ್ಷ್ಮೇಶ್ವರದ ದಾರಿ ಹಿಡೀತೈತಿ ಗಾಡಿ.

ಹನ್ನೊಂದು ವರ್ಷ
ಒಂದು ಗ್ಲಾಸು ಚಾದ ಮ್ಯಾಲ ಟಿಕೆಟ್ ಹರದೇನಿ.
ಹಸಿವು ಅಂದ್ರ ದಾರ್ಯಾಗ ಕೈ ಮಾಡೋ ಪ್ಯಾಸೆಂಜರು,
ಸ್ಟಾಪ್ ಇಲ್ಲದಲ್ಲಿ ನಿಲ್ಲಸಬೇಕಂತೇನಿಲ್ಲ,
ಹಿಂದಿನ ಗಾಡಿಗೆ ಬರತೈತಿ
ಅಂತ ತಿಳಕೊಂಡಿದ್ದೆ.

ಶ್ರಾವಣದಾಗ ಒಂದು ಸೋಮವಾರ
ಇಪ್ಪತ್ತು ರೂಪಾಯಿ ಟಿಕೆಟ್ಟಿಗೆ ನೂರರ ನೋಟು ಇಸ್ಕೊಂಡು
ಐನೂರರ ಚಿಲ್ಲರ ಎಣಿಸಿಕೊಟ್ಟೆ.
ಇಸ್ಕೊಂಡಾಂವ ದೇವರಂಥಾ ಮನಷ್ಯಾ, ಸುಮ್ಮನ ಇಳದು ಹ್ವಾದ.
ಸಂಜಿಗೆ ನಾಕನೂರು ಕಡಿಮಿ.
ಕೈಯಿಂದ ತುಂಬಿದೆ.
ಕಣ್ಣಿಗೆ ಕತ್ತಲಿ ಬಂದಿತ್ತು ಅಂತ
ಯಾವ ಕಾಲಮ್ಮಿನಾಗ ಬರೀಲಿ?

ಡೀಸೆಲ್ ಇಲ್ಲದ ಗಾಡಿ ಓಡತೈತೇನ್ ತಂಗಿ,
ಅಂತ ಎಲ್ಲಾರೂ ಅನ್ನೋ ಮಾತು
ಡ್ರೈವರ್ ದಾವಲಸಾಬ ಅನ್ನಲಿಲ್ಲ.
ಮರುದಿನ ಬಾನೆಟ್ಟಿನ ಮ್ಯಾಲ ವಸ್ತ್ರ ಹಾಸಿ
ತನ್ನ ಡಬ್ಬಿ ಇಟ್ಟ,
ಪಕ್ಕದಾಗ ಅಷ್ಟ ಜಾಗಾ ಬಿಟ್ಟ.
"ನಿಂದೂ ತರಬೇಕು ನಾಳಿಂದ" ಅಂದ,
ರಸ್ತೇದ ಮ್ಯಾಲಿನ ಕಣ್ಣು ತಗೀದ.

ಹಳೇ ಗಾಡಿ, ಎಂಜಿನ್ನು ಮುಂದ.
ಮುಳಗುಂದ ಬರೂದ್ರೊಳಗ
ರಾತ್ರಿ ರೊಟ್ಟಿ ಮೆತ್ತಗಾಗಿ ಉಸರು ಬಿಡತೈತಿ,
ಮೆಂತೇ ಪಲ್ಲೇದ ಎಣ್ಣಿ ಕರಗಿ ಮೂಲಿ ಹಿಡೀತೈತಿ.
ಮೊಸರು ಮಾತ್ರ ನನ್ನ ಸೀಟಿನ ಬುಡಕ,
ಅದಕ್ಕ ಎಂಜಿನ್ನಿನ ಸಂಗತಿ ಆಗಿಬರೂದಿಲ್ಲ.

ಅಲ್ಲಿ ಏಳು ಮಿನಿಟು ಹಾಲ್ಟು.
ಏಳು ಮಿನಿಟಿನಾಗ ಎರಡು ರೊಟ್ಟಿ.
"ಅಗೀಬೇಕು, ನುಂಗಬಾರದು."
ಮೊದಲನೇ ವಾರ ನುಂಗಿದೆ.
ಎರಡನೇ ವಾರ
ಜ್ವಾಳಕ್ಕೂ ಒಂದು ಸಿಹಿ ಇರತೈತಿ ಅಂತ ಗೊತ್ತಾತು,
ನಲವತ್ತೆರಡನೇ ವಯಸ್ಸಿನಾಗ.

ನೋಡನೋಡತ ಬಾನೆಟ್ಟು ತುಂಬಿತು:
ನರ್ಸಮ್ಮನ ಅವಲಕ್ಕಿ,
ಗಣಿತದ ಮಾಸ್ತರರ ಉಪ್ಪಿಟ್ಟು, ಅದರಾಗ ಬರೇ ಉಳ್ಳಾಗಡ್ಡಿ,
ಐಟಿಐ ಹುಡುಗೂರ ಮೂವರಿಗೊಂದು ಡಬ್ಬಿ.
ತಗ್ಗಿನಾಗ ಗಾಡಿ ಹಾರಿದ್ರ
ಎಲ್ಲಾ ಮುಚ್ಚಳಾ ಒಮ್ಮೆ ಮಾತಾಡತಾವು.

ಊರ ಮಂದಿಗೆಲ್ಲಾ ನಾಷ್ಟಾದ ಬುದ್ಧಿ ಹೇಳೂ ನನ್ನ ಮನ್ಯಾಗ,
ಬೆಟಗೇರ್ಯಾಗ,
ತಾಟು ಡಬ್ಬ ಹಾಕಿ ಮುಚ್ಚಿಟ್ಟ ರೊಟ್ಟಿ
ಸಂಜಿಗೆ ಹಂಗ ಇರತಿತ್ತು, ಅಂಚು ಮ್ಯಾಲ ಎದ್ದು.
ದಾನೇಶ್ವರಿ, ಎಂಟನೇತ್ತ.
ಪ್ರಾರ್ಥನಾಕ್ಕ ನಿಂತಾಕಿ ಬಿದ್ದಳಂತ ಅಕ್ಕಾರು ಚೀಟಿ ಕಳಿಸಿದ್ರು.
ಬೈದೆ. ರಕ್ತ, ಶಕ್ತಿ, ಅಭ್ಯಾಸ,
ಡಾಕ್ಟರು ಅಂದಿದ್ದಷ್ಟೂ ಅಂದೆ, ಮ್ಯಾಲ ನನ್ನವೂ ನಾಕು.
ಗ್ವಾಡಿ ಕಡೆ ಮಾರಿ ಮಾಡಿ ಅಂದಳು:
"ಒಬ್ಬಾಕಿನ ಕುಂತು ತಿನ್ನಾಕ
ಬಾಯಿ ಒಲ್ಲೆ ಅಂತೈತವ್ವಾ."

ಆವತ್ತಿಂದ ಮುಳಗುಂದದಾಗ
ಫೋನು ಹೆಗಲಿಗೂ ಕಿವಿಗೂ ನಡುವ.
ಅಕಿಗೀಗ ಕಟಕ ರೊಟ್ಟಿ ಇಟ್ಟು ಬರತೇನಿ, ಬೇಕಂತನ.
ಮೆತ್ತನ ರೊಟ್ಟಿ ತಿಂದೆ ಅಂತ ಸುಳ್ಳು ಹೇಳಬಹುದು,
ಕಟಕ ರೊಟ್ಟಿ ಸಾಕ್ಷಿ ಹೇಳತೈತಿ.

ಟಕ್.
ಅಲ್ಲೊಂದು ತುಂಡು.
ಇಲ್ಲಿ ನನ್ನದು, ಸಪ್ಪಳ ಇಲ್ಲದ್ದು.
ಹೆಚ್ಚಿಗಿ ಮಾತಿಲ್ಲ.
"ಹಿಂಡಿ ಖಾರ ಆಗೇತಿ."
"ಮೊಸರು ಕಲಿಸಿಕೋ."
ಅತ್ತ ಬೆಟಗೇರ್ಯಾಗ ನಳ ಬಂದ ಗದ್ಲ, ಕೊಡ ಇಟ್ಟ ಸದ್ದು,
ಇತ್ತ ಯಾರೋ ಮ್ಯಾಲ ಚೀಲ ಏರಸಾಕತ್ಯಾರ.

ದಾವಲಸಾಬ ಹಾರ್ನ್ ಒತ್ತತಾನ, ಸಣ್ಣಗ, ಒಮ್ಮೆ.
ಟೈಮ್ ಆಗೇತಿ, ಗೊತ್ತೈತಿ.
ಸೀಟಿ ಬಾಯಾಗ ಐತಿ.
ಇನ್ನೊಂದು ಟಕ್ ಕೇಳಲಿ, ಹೊಡೀತೇನಿ.